ಕಿರೀಟ ಮಾಡಿದವನ ಹೆಸರು ಎಲ್ಲಿ ಸ್ವಾಮಿ?

ಕಳೆದ ಶ್ರಾವಣದಲ್ಲಿ ನಮ್ಮ ಪ್ರೆಸ್ಸಿಗೆ ಒಬ್ಬ ಮುದುಕರು ಬಂದರು. ವಯಸ್ಸು ಎಪ್ಪತ್ತೈದು ದಾಟಿದೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಎರಡು ಫೋಟೊ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು: "ನಿಮ್ಮಪ್ಪನ ಕಾಲದ ನಾಟಕದ ಪಾಂಪ್ಲೆಟ್ ಏನಾದರೂ ಇಟ್ಟಿದ್ದೀಯೇನಪ್ಪ? ನನ್ನ ಹೆಸರಿರೋದು ಒಂದು ಸಿಕ್ಕಿದರೂ ಸಾಕು ಕಣಪ್ಪ."

ತುಮಕೂರು ಸೀಮೆಯಲ್ಲಿ ಪೌರಾಣಿಕ ನಾಟಕ ಆಡಿದ ಹಳ್ಳಿಯವರಿಗೆಲ್ಲ ಇವರು ಗೊತ್ತು. 'ಡ್ರೆಸ್ಸಿನವರು' ಅಂದರೆ ಸಾಕು. ನಲವತ್ತು ವರ್ಷ ಕಿರೀಟ ಕಟ್ಟಿದವರು, ಭುಜಕೀರ್ತಿ ಕೊರೆದವರು, ಭೀಮನಿಗೆ ಗದೆ, ಆಂಜನೇಯನಿಗೆ ಬಾಲ, ಜಟಾಯುವಿಗೆ ರೆಕ್ಕೆ, ಉಗ್ರನರಸಿಂಹನಿಗೆ ಸಿಂಹದ ಮುಖ ಮಾಡಿಕೊಟ್ಟವರು. ಮಧ್ಯೆ ಐದಾರು ವರ್ಷ ಬೆಂಗಳೂರಿಗೆ ಹೋಗಿ ಸಿನಿಮಾದವರಿಗೂ ದುಡಿದರು. ಈಗ ಕಣ್ಣು ಮಂಜು, ಬೆರಳು ನಡುಕ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಲು ಹೋದರೆ ಒಂದು ಕಚೇರಿಯಲ್ಲಿ ಕೇಳಿದರಂತೆ: "ನೀವು ಕಲಾವಿದರು ಅನ್ನೋದಕ್ಕೆ ದಾಖಲೆ ಏನಿದೆ? ಹೆಸರು ಅಚ್ಚಾಗಿರುವ ಕಾಗದ ತನ್ನಿ."

ಅಟ್ಟ ಹತ್ತಿ ನಮ್ಮಪ್ಪ ಕಟ್ಟಿಟ್ಟಿದ್ದ ಗಂಟುಗಳನ್ನು ಬಿಚ್ಚಿದೆ. ಇಲಿ ತಿಂದು ಬಿಟ್ಟದ್ದರಲ್ಲಿ ನೂರಾರು ಕರಪತ್ರ ಸಿಕ್ಕವು. 1996ರ ಒಂದು 'ಕುರುಕ್ಷೇತ್ರ' ನಾಟಕದ್ದು ಕೈಗೆ ಬಂತು. ಅದರಲ್ಲಿ ದುರ್ಯೋಧನನಿಂದ ದ್ವಾರಪಾಲಕನವರೆಗೆ ಎಲ್ಲರ ಹೆಸರಿದೆ. ಹಾರ್ಮೋನಿಯಂ ಮೇಷ್ಟ್ರ ಹೆಸರು ದಪ್ಪಕ್ಷರದಲ್ಲಿದೆ. ತಬಲದವರು, ಸೀನರಿ ಕಂಪನಿಯ ಮಾಲೀಕರು, ಮೈಕ್‌ಸೆಟ್‌ನವರು, ಉದ್ಘಾಟಕರು, ಅಧ್ಯಕ್ಷರು, 'ಊಟೋಪಚಾರದ ಸೇವೆ' ಮಾಡಿದವರು, ಎಲ್ಲರೂ ಇದ್ದಾರೆ. ಆ ಹದಿನಾರು ಪಾತ್ರಗಳಿಗೂ ತಲೆಯಿಂದ ಕಾಲಿನವರೆಗೆ ರೂಪ ಕೊಟ್ಟ ಮನುಷ್ಯ ಇಲ್ಲ.

ಯಾಕಿಲ್ಲ? ಇದಕ್ಕೆ ಉತ್ತರ ನನಗೆ ಗೊತ್ತು. ಆ ಕರಪತ್ರಕ್ಕೆ ಮೊಳೆ ಜೋಡಿಸಿದವನು ನಾನೇ. ಆಗ ಪಿ.ಯು.ಸಿ. ಓದುತ್ತಿದ್ದೆ, ಸಂಜೆ ಹೊತ್ತು ಅಪ್ಪನ ಟ್ರೆಡಲ್ ಪ್ರೆಸ್ಸಿನಲ್ಲಿ ಕಂಪೋಸ್ ಮಾಡುತ್ತಿದ್ದೆ. ಕೊನೆಯ ಸಾಲಿನಲ್ಲಿ 'ವೇಷಭೂಷಣ' ಅಂತ ಇವರ ಹೆಸರಿತ್ತು. ರಾತ್ರಿ ಎಂಟು ಗಂಟೆಗೆ ಊರಿನ ಯಜಮಾನರೊಬ್ಬರು ಓಡಿ ಬಂದು ಇನ್ನೊಬ್ಬ ಮುಖ್ಯ ಅತಿಥಿಯ ಹೆಸರು ಸೇರಿಸು ಅಂದರು. ಜಾಗವಿರಲಿಲ್ಲ. "ಕೆಳಗಿನ ಸಾಲು ತೆಗಿ, ಅದೇನು ಮುಖ್ಯ ಅಲ್ಲ" ಅಂದರು. ನಾನು ಆ ಸಾಲು ಕಿತ್ತು, ಮೊಳೆಗಳನ್ನು ಮನೆಗಳಿಗೆ ವಾಪಸು ಹಾಕಿದೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಇವತ್ತು ಒಬ್ಬ ಮುದುಕರ ತಿಂಗಳ ಮಾತ್ರೆಯ ಖರ್ಚನ್ನು ತಿನ್ನುತ್ತಿದೆ.

ಆದ್ದರಿಂದ ಕನ್ನಡದ ಬಂಧುಗಳೇ, ಈ ಲೇಖನದಲ್ಲಿ ನಾನು ಬೈಯುತ್ತಿರುವುದು ಬೇರೆಯವರನ್ನು ಮಾತ್ರ ಅಂತ ತಿಳಿಯಬೇಡಿ.

ಇದು ಬರೀ ಹೊಲಿಗೆ ಕೆಲಸವೇ?

"ಬಟ್ಟೆ ಹೊಲಿಯೋದಕ್ಕೆ ಹೆಸರು ಬೇರೆ ಕೇಡು!" ಅನ್ನುವವರಿದ್ದಾರೆ. ಅಂಥವರು ಒಂದು ರಾತ್ರಿ ಕಿರೀಟ ಹೊತ್ತು ನೋಡಲಿ. ನಮ್ಮ ಕಡೆ ಕುರುಕ್ಷೇತ್ರ ರಾತ್ರಿ ಶುರುವಾದರೆ ಮುಗಿಯುವುದು ಕೋಳಿ ಕೂಗಿದ ಮೇಲೆ. ಅಷ್ಟು ಹೊತ್ತು ತಲೆಯ ಮೇಲೆ ಭಾರವಿದ್ದರೆ ಕತ್ತು ಹಿಡಿಯುತ್ತದೆ, ಕತ್ತು ಹಿಡಿದರೆ ಗಂಟಲು ಏಳುವುದಿಲ್ಲ, ಕಂದಪದ್ಯದ ಅರ್ಧದಲ್ಲೇ ದುರ್ಯೋಧನ ಸೋಲುತ್ತಾನೆ. ಅದಕ್ಕೇ ಕಿರೀಟ ಮಾಡುವವನು ಹಗುರ ಮರ ಅಥವಾ ರಟ್ಟು ಹುಡುಕಬೇಕು, ಮೇಲೆ ಬೇಗಡೆ ಅಂಟಿಸಬೇಕು, ದೀಪ ಬಿದ್ದಾಗ ಕೊನೆಯ ಸಾಲಿನ ಮುದುಕಿಗೂ ಹೊಳೆಯುವಂತೆ ಗಾಜಿನ ಚೂರು ಕೂರಿಸಬೇಕು. ಭೀಮನ ಗದೆ ಕಬ್ಬಿಣದಂತೆ ಕಾಣಬೇಕು, ಹತ್ತಿಯಂತೆ ಹಗುರವಾಗಿರಬೇಕು. ದ್ರೌಪದಿಯ ಸೀರೆ ಎಳೆದಷ್ಟೂ ಬರಬೇಕಾದರೆ ಹತ್ತಾರು ಸೀರೆಗಳನ್ನು ಸೆರಗಿಗೆ ಸೆರಗು ಸೇರಿಸಿ, ಒಂದು ಗಂಟೂ ಸಿಕ್ಕಿಕೊಳ್ಳದ ಹಾಗೆ ಮಡಿಸಿ ಸುತ್ತಬೇಕು. ಕೃಷ್ಣನ ಮಹಿಮೆಯ ಹಿಂದೆ ಈ ಮಡಿಕೆಯ ಲೆಕ್ಕವೂ ಇದೆ ಸ್ವಾಮಿ!

ಸಿನಿಮಾದಲ್ಲಿ ಕಷ್ಟ ಇನ್ನೊಂದು ಥರ. ಅಲ್ಲಿ ಕಥೆಯ ಕ್ರಮದಲ್ಲಿ ಚಿತ್ರೀಕರಣ ನಡೆಯುವುದಿಲ್ಲ. ಕೊನೆಯ ದೃಶ್ಯ ಮೊದಲ ದಿನವೇ ತೆಗೆಯಬಹುದು. ಹೊಡೆದಾಟದಲ್ಲಿ ನಾಯಕನ ಅಂಗಿ ಹರಿಯುತ್ತದೆ ಅಂದರೆ ಒಂದೇ ಅಂಗಿ ಸಾಲದು. ಹೊಸದು, ಅರ್ಧ ಹರಿದದ್ದು, ಪೂರ್ತಿ ಹರಿದದ್ದು, ರಕ್ತ ಹತ್ತಿದ್ದು, ಸ್ಟಂಟ್ ಮಾಡುವವನಿಗೆ ಬೇರೆ, ಹೀಗೆ ಒಂದೇ ಬಣ್ಣದ ಐದಾರು ಬೇಕು. ಹರಿದ ಜಾಗ ಪ್ರತಿ ಶಾಟಿನಲ್ಲೂ ಅದೇ ಜಾಗವಾಗಿರಬೇಕು. ಅಂಗಡಿಯಿಂದ ತಂದ ಬಟ್ಟೆಯನ್ನು ಚಹಾ ನೀರಿನಲ್ಲಿ ಅದ್ದಿ, ಕಲ್ಲಿಗೆ ಉಜ್ಜಿ, ಮೊಣಕೈ ಸವೆಸಿ, ಹತ್ತು ವರ್ಷ ಉಟ್ಟದ್ದು ಅನ್ನಿಸುವಂತೆ ಮಾಡಬೇಕು. ಇಷ್ಟಾದ ಮೇಲೆ ಚಿತ್ರದ ಕೊನೆಯಲ್ಲಿ ಇವರ ಹೆಸರು ಇರುವೆ ಸಾಲಿನಂತೆ ಮೇಲಕ್ಕೆ ಓಡುತ್ತದೆ. ಅಷ್ಟು ಹೊತ್ತಿಗೆ ಟಾಕೀಸಿನವನು ದೀಪ ಹಾಕಿ, ಬಾಗಿಲು ತೆಗೆದು, ಜನರನ್ನು ಹೊರಗೆ ಕಳಿಸಿರುತ್ತಾನೆ.

ಪ್ರಾಣಿಯ ಸೋಗು ಕಟ್ಟುವುದಂತೂ ಇನ್ನೂ ದೊಡ್ಡ ವಿದ್ಯೆ. ಗಿರೀಶ ಕಾರ್ನಾಡರ 'ಹಯವದನ' ನಾಟಕ ನೋಡಿದವರಿಗೆ ಗೊತ್ತು. ಮನುಷ್ಯನ ಮೈ, ಕುದುರೆಯ ತಲೆ. ಆ ತಲೆಯೊಳಗೆ ನಟ ಉಸಿರಾಡಬೇಕು, ಮಾತಾಡಬೇಕು, ಹಾಡಬೇಕು, ರಂಗದ ಅಂಚು ಕಾಣಬೇಕು, ಜನ ನಗಬೇಕು, ಮರುಗಳಿಗೆ ಅಯ್ಯೋ ಅನ್ನಬೇಕು. ನಾಟಕಕಾರ ಒಂದು ಸಾಲಿನಲ್ಲಿ ಕುದುರೆ ತಲೆ ಅಂತ ಬರೆದು ಮುಂದೆ ಹೋಗಿಬಿಡಬಹುದು. ಅದನ್ನು ನಿಜ ಮಾಡುವವನು ಮಣ್ಣಿನಲ್ಲಿ ರೂಪ ಮಾಡಿ, ಅಚ್ಚು ತೆಗೆದು, ಕಾಗದದ ತಿರುಳನ್ನೋ ರಬ್ಬರನ್ನೋ ತುಂಬಿ, ಒಣಗಿಸಿ, ಬಣ್ಣ ಹಚ್ಚಿ, ಕಿವಿ ಅಲ್ಲಾಡುವಂತೆ ದಾರ ಕಟ್ಟಬೇಕು.

ಬೇರೆಯವರು ಹೇಗೆ ನೆನೆಯುತ್ತಾರೆ ನೋಡಿ

1954ರಲ್ಲಿ ಜಪಾನಿನವರು 'ಗಾಡ್ಜಿಲ್ಲಾ' ಅನ್ನುವ ರಾಕ್ಷಸ ಪ್ರಾಣಿಯ ಚಿತ್ರ ಮಾಡಿದರು. ಪ್ರಾಣಿಯ ಉಡುಪಿನ ತೂಕ ಸುಮಾರು 100 ಕೆ.ಜಿ. ಅದರೊಳಗೆ ಹೊಕ್ಕು ನಡೆದವರು ಹರುವೊ ನಕಾಜಿಮಾ. ಚಿತ್ರದ ಮಾಯಾಜಾಲವನ್ನೆಲ್ಲ ನಡೆಸಿದವರು ಎಯ್ಜಿ ತ್ಸುಬುರಾಯ. ಎಪ್ಪತ್ತು ವರ್ಷ ಕಳೆದರೂ ಮುಖವೇ ಕಾಣದ ಆ ನಟನ ಹೆಸರು ಲೋಕಕ್ಕೆ ಗೊತ್ತು, ತುಮಕೂರು ಸೀಮೆಯ ಒಬ್ಬ ಪ್ರೆಸ್ಸಿನವನಿಗೂ ಗೊತ್ತು. ನಮ್ಮ ನಾಟಕಗಳಲ್ಲಿ ಕಂಬ ಒಡೆದು ಬಂದ ನರಸಿಂಹನ ಮುಖ ಮಾಡಿದವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ!

ಅಮೆರಿಕದ ಜೂಲಿ ಟೇಮರ್ ಎಂಬ ಹೆಣ್ಣುಮಗಳು 1997ರಲ್ಲಿ 'ಲಯನ್ ಕಿಂಗ್' ಕಥೆಯನ್ನು ರಂಗಕ್ಕೆ ತಂದರು. ಸಿಂಹದ ಮುಖವಾಡವನ್ನು ನಟನ ಮುಖಕ್ಕೆ ಮುಚ್ಚದೆ ತಲೆಯ ಮೇಲೆ ಎತ್ತಿ ಕಟ್ಟಿದರು. ಪ್ರಾಣಿಯೂ ಕಾಣುತ್ತದೆ, ಮನುಷ್ಯನೂ ಕಾಣುತ್ತಾನೆ. ಈ ವಿದ್ಯೆಗಾಗಿ ಅವರು ತಮ್ಮ ಯೌವನದಲ್ಲಿ ಇಂಡೊನೇಷ್ಯಾಕ್ಕೆ ಹೋಗಿ ಮುಖವಾಡ, ಗೊಂಬೆಯಾಟಗಳ ನಡುವೆ ಇದ್ದು ಕಲಿತಿದ್ದರು. 1998ರಲ್ಲಿ ಆ ದೇಶದ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ 'ಟೋನಿ' ಅವರಿಗೆ ನಿರ್ದೇಶನಕ್ಕೂ ಬಂತು, ವೇಷಭೂಷಣಕ್ಕೂ ಬಂತು.

ದೂರದ ಮಾತು ಬೇಡ ಅನ್ನುತ್ತೀರಾ? ಗಡಿಯಾಚೆಯ ಕೊಲ್ಹಾಪುರಕ್ಕೆ ಬನ್ನಿ. ಅಲ್ಲಿ ಹುಟ್ಟಿದ ಭಾನು ಅಥೈಯಾ 1983ರಲ್ಲಿ 'ಗಾಂಧಿ' ಚಿತ್ರದ ವಸ್ತ್ರವಿನ್ಯಾಸಕ್ಕೆ ಜಾನ್ ಮೊಲ್ಲೊ ಜೊತೆ ಆಸ್ಕರ್ ಪಡೆದರು. ಆಸ್ಕರ್ ಗೆದ್ದ ಮೊದಲ ಭಾರತೀಯರು ಯಾರು ಅಂದರೆ ನಟನಲ್ಲ, ನಿರ್ದೇಶಕನಲ್ಲ, ಬಟ್ಟೆಯ ವಿನ್ಯಾಸ ಮಾಡಿದ ಈ ಹೆಂಗಸು! 2012ರಲ್ಲಿ, ಮುಪ್ಪಿನಲ್ಲಿ, ಅವರು ಆ ಪ್ರತಿಮೆಯನ್ನು ಆಸ್ಕರ್ ಸಂಸ್ಥೆಗೇ ವಾಪಸು ಕಳಿಸಿದರು. ತಾವು ಹೋದ ಮೇಲೆ ಇಲ್ಲಿ ಅದು ಜೋಪಾನವಾಗಿ ಉಳಿಯುವ ನಂಬಿಕೆ ಅವರಿಗಿರಲಿಲ್ಲ. 2020ರಲ್ಲಿ ತೀರಿಕೊಂಡರು. ಇದಕ್ಕಿಂತ ಕೆನ್ನೆಗೆ ಹೊಡೆದಂತೆ ಹೇಳುವುದು ಹೇಗೆ?

ನಮ್ಮ ಸರ್ಕಾರಗಳಿಗೂ ಈ ಕೆಲಸ ಕಣ್ಣಿಗೆ ಬಿದ್ದದ್ದು ತಡವಾಗಿಯೇ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಶುರುವಾದದ್ದು 1954ರಲ್ಲಿ. ವಸ್ತ್ರವಿನ್ಯಾಸಕ್ಕೆ ಪ್ರಶಸ್ತಿ ಕೊಡಲು ಶುರುಮಾಡಿದ್ದು 1984ರ ಚಿತ್ರಗಳಿಗೆ. ಮೂವತ್ತು ವರ್ಷ ಪರದೆಯ ಮೇಲೆ ರಾಜರೂ ರಾಣಿಯರೂ ಬರಿಮೈಯಲ್ಲಿ ಓಡಾಡುತ್ತಿದ್ದರೇನು?

ನಮ್ಮಲ್ಲೇನು ಕಡಿಮೆ?

ಕನ್ನಡದವರು ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. 1997ರ 'ತಾಯಿ ಸಾಹೇಬ' ಚಿತ್ರಕ್ಕೆ ವೈಶಾಲಿ ಕಾಸರವಳ್ಳಿ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿ ತಂದರು. ಬಾನು ಮುಷ್ತಾಕ್ ಅವರ ಕಥೆಯಿಂದ ಮಾಡಿದ 2004ರ 'ಹಸೀನಾ' ಚಿತ್ರಕ್ಕೆ ಇಶ್ರತ್ ನಿಸಾರ್ ಅದೇ ಪ್ರಶಸ್ತಿ ತಂದರು. 'ತಾಯಿ ಸಾಹೇಬ' ಅಂದರೆ ಜಯಮಾಲಾ ನೆನಪಾಗುತ್ತಾರೆ, 'ಹಸೀನಾ' ಅಂದರೆ ತಾರಾ ನೆನಪಾಗುತ್ತಾರೆ. ಆಗಲಿ, ಇಬ್ಬರೂ ದೊಡ್ಡ ನಟಿಯರು. ಆದರೆ ಆ ಪಾತ್ರಗಳನ್ನು ನಂಬಿಸಿದ ಸೀರೆಯ ಹಿಂದೆ, ಬುರ್ಖಾದ ಹಿಂದೆ ಒಂದೊಂದು ತಲೆ ಕೆಲಸ ಮಾಡಿದೆ. ಪ್ರೇಮಾ ಕಾರಂತರನ್ನು 'ಫಣಿಯಮ್ಮ' ಚಿತ್ರದ ನಿರ್ದೇಶಕಿ ಅಂತ ಕೊಂಡಾಡುತ್ತೇವೆ. ಅವರು ರಂಗಭೂಮಿಯ ವಸ್ತ್ರವಿನ್ಯಾಸಕ್ಕಾಗಿ ಎಷ್ಟು ದುಡಿದರು ಅನ್ನುವುದನ್ನು ಎಷ್ಟು ಜನ ನೆನೆಯುತ್ತಾರೆ?

ನಮ್ಮ ನೆರೆಯ ಗುಬ್ಬಿಯನ್ನೇ ತೆಗೆದುಕೊಳ್ಳಿ. 1884ರಲ್ಲಿ ಹುಟ್ಟಿದ ನಾಟಕ ಕಂಪನಿ. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು ಅಂತ ಇವತ್ತಿಗೂ ಬೆರಗಿನಿಂದ ಹೇಳುತ್ತೇವೆ. ಆನೆ ನೆನಪಿದೆ. ಆನೆಯ ಮುಂದೆ ನಿಂತ ವೀರನಿಗೆ ಜರಿ ಅಂಗಿ ಹೊಲಿದವರು ಯಾರು? 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷಾಸುರನಾಗಿ ಅಬ್ಬರಿಸಿದ ರಾಜ್‌ಕುಮಾರ್ ನಮ್ಮ ಎದೆಯಲ್ಲಿದ್ದಾರೆ. ಆ ಅಸುರ ರೂಪವನ್ನು ಕಟ್ಟಿದ ಕೈಗಳು ಎಲ್ಲಿ ಹೋದವು?

ಇನ್ನು ಪ್ರಾಣಿಯ ಸೋಗು, ರಾಕ್ಷಸನ ಸೋಗು ಅಂದರೆ ಇಂಗ್ಲಿಷ್ ಚಿತ್ರದಿಂದ ಬಂದದ್ದು ಅಂದುಕೊಂಡ ಹುಡುಗರೇ, ಕೇಳಿ. ಸೊಂಟಕ್ಕೆ ಕುದುರೆಯ ಮೈ ಕಟ್ಟಿಕೊಂಡು ಮರಗಾಲಿನ ಮೇಲೆ ಕುಣಿಯುವ ಕೀಲುಕುದುರೆ ನಮ್ಮದು. ಬಿದಿರಿನ ಚೌಕಟ್ಟು ಹೆಣೆದು, ಒಳಗೆ ಮನುಷ್ಯ ನಿಂತು ಹೊತ್ತು ನಡೆಯುವ ಗಾರುಡಿ ಗೊಂಬೆ ನಮ್ಮದು. ಕರಾವಳಿಯವರು ಅದನ್ನೇ ತಟ್ಟಿರಾಯ ಅನ್ನುತ್ತಾರೆ. ನಮ್ಮ ಸೀಮೆಯ ಸೋಮನ ಕುಣಿತದ ಸೋಮ ನಮ್ಮದು. ಯಕ್ಷಗಾನದ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ತನ್ನ ಮುಖದ ಮೇಲೆ ತಾನೇ ಚಿಟ್ಟಿ ಇಟ್ಟು ರಾಕ್ಷಸನಾಗುತ್ತಾನೆ. ಕೊಪ್ಪಳದ ಕಿನ್ನಾಳದವರು ಹುಣಸೆ ಬೀಜದ ಅಂಟು, ಮರದ ಹೊಟ್ಟು, ಗೋಣಿಯ ಚಿಂದಿ ಸೇರಿಸಿ ರೂಪ ಕಟ್ಟುತ್ತಾರೆ. ಪಾಶ್ಚಾತ್ಯರು ಪ್ರಾಣಿಯ ಚರ್ಮ ಮಾಡಲು ಬಳಸುವ ಲ್ಯಾಟೆಕ್ಸ್ ಅಂದರೇನು? ರಬ್ಬರು ಹಾಲು! ಸುಳ್ಯ, ಪುತ್ತೂರಿನ ತೋಟಗಳಲ್ಲಿ ದಿನ ಬೆಳಗಾದರೆ ಮರಕ್ಕೆ ಗೀರು ಹಾಕಿ ಇಳಿಸುತ್ತಾರೆ. ಸಾಮಗ್ರಿ ಇದೆ, ಕೈ ಇದೆ, ವಿದ್ಯೆ ಇದೆ. ಕರಪತ್ರದಲ್ಲಿ ಒಂದು ಸಾಲಿಗೆ ಮಾತ್ರ ಜಾಗವಿಲ್ಲ.

ಯಾಕೆ ಈ ಕುರುಡು? ನನಗೆ ತೋಚಿದ್ದನ್ನು ಹೇಳುತ್ತೇನೆ, ಕೋಪ ಬಂದರೂ ಸರಿ. ಬಟ್ಟೆ ಹೊಲಿದವನು ಚಿಪ್ಪಿಗ, ಬಿದಿರು ಹೆಣೆದವನು ಮೇದಾರ, ಬಣ್ಣ ಹಚ್ಚಿದವನು ಚಿತ್ರಗಾರ, ತೊಗಲು ಕೆತ್ತಿದವನು ಕಿಳ್ಳೇಕ್ಯಾತ. ಇವರ ಕೆಲಸವನ್ನು ನಾವು ಕಲೆ ಅಂತ ಯಾವತ್ತೂ ಎಣಿಸಲೇ ಇಲ್ಲ. ಕಸುಬು ಅಂದೆವು, ಕೂಲಿ ಕೊಟ್ಟೆವು, ಹಿಂದಿನ ಬಾಗಿಲಿಂದ ಕಳಿಸಿದೆವು. ತೊಗಲು ಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಆ ತಾಯಿಯ ವಯಸ್ಸು ಆಗ ತೊಂಬತ್ತು ದಾಟಿತ್ತು! ಹೆಸರು ಬರಬೇಕಾದರೆ ತೊಂಬತ್ತು ವರ್ಷ ಬದುಕಿರಬೇಕು ಅನ್ನುವುದು ಯಾವ ನ್ಯಾಯ?

ಮಾತು ಕನ್ನಡದ್ದು, ಬಾಗಿಲು ಇಂಗ್ಲಿಷಿನದ್ದು

ಬೇಗಡೆ, ಭುಜಕೀರ್ತಿ, ಎದೆಕಟ್ಟು, ಕರ್ಣಪತ್ರ, ಡಾಬು, ಕೇದಗೆ ಮುಂದಲೆ, ಕಸೆ, ಗಗ್ಗರ, ಸೋಗು. ಈ ಕಸುಬಿನಲ್ಲಿ ಕನ್ನಡಕ್ಕೆ ಇಂಥ ನೂರಾರು ಮಾತುಗಳಿವೆ. ಮಾತಾಡುವವರು ಮುದುಕರಾಗಿದ್ದಾರೆ. ಅವರ ಬಾಯಿ ಮುಚ್ಚಿದ ದಿನ ಮಾತುಗಳೂ ಮಣ್ಣಾಗುತ್ತವೆ. ಇತ್ತ ಕನ್ನಡ ಚಿತ್ರದ ಪೋಸ್ಟರಿನಲ್ಲೇ ತಂತ್ರಜ್ಞರ ಹೆಸರುಗಳು ಇಂಗ್ಲಿಷ್ ಅಕ್ಷರಕ್ಕೆ ತಿರುಗಿವೆ. ಈ ವಿದ್ಯೆ ಹೇಳಿಕೊಡುವ ಫ್ಯಾಷನ್ ಕಾಲೇಜುಗಳಿಗೆ ಹೋದರೆ ಶುಲ್ಕ ಲಕ್ಷದಲ್ಲಿ, ಪಾಠ ಇಂಗ್ಲಿಷಿನಲ್ಲಿ. ಹತ್ತನೇ ವಯಸ್ಸಿಗೇ ಕಾಜಾ ತೆಗೆಯಲು ಕಲಿತ, ಬಟ್ಟೆ ಮುಟ್ಟಿದ ಕೂಡಲೇ ಅದರ ಗುಣ ಹೇಳಬಲ್ಲ ಟೈಲರನ ಮಗಳು ಅಲ್ಲಿ ಸಂದರ್ಶನದಲ್ಲೇ ಸೋಲುತ್ತಾಳೆ. ಸೋತದ್ದು ವಿದ್ಯೆಯಲ್ಲಿ ಅಲ್ಲ, ಪರಭಾಷೆಯಲ್ಲಿ.

ಕನ್ನಡದಲ್ಲಿ ಇದನ್ನೆಲ್ಲ ಕಲಿಸಲು ಆಗುವುದಿಲ್ಲ ಅನ್ನುವ ಪಂಡಿತರು ಒಮ್ಮೆ ಹೆಗ್ಗೋಡಿಗೆ ಹೋಗಿ ಬರಲಿ. ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಒಂದು ಹಳ್ಳಿಯಲ್ಲಿ, ಅಡಿಕೆ ತೋಟಗಳ ನಡುವೆ, ಕನ್ನಡದಲ್ಲೇ! ಅಭಿನಯದ ಜೊತೆಗೆ ರಂಗಸಜ್ಜಿಕೆ, ಪ್ರಸಾಧನ, ವಸ್ತ್ರವಿನ್ಯಾಸವನ್ನೂ ಕಲಿತು ಬಂದ ಹುಡುಗ ಹುಡುಗಿಯರು ನಾಡಿನ ತುಂಬ ಇದ್ದಾರೆ. ಒಂದು ಹಳ್ಳಿ ಮಾಡಿದ್ದನ್ನು ಒಂದು ಸರ್ಕಾರ ಮಾಡಲು ಏನು ಅಡ್ಡಿ?

"ಈಗೆಲ್ಲ ಕಂಪ್ಯೂಟರಿನಲ್ಲೇ ಪ್ರಾಣಿ ಮಾಡುತ್ತಾರೆ, ಮುಖವಾಡ ಯಾರಿಗೆ ಬೇಕು?" ಅನ್ನುವವರಿಗೂ ಒಂದು ಮಾತು. 1993ರ 'ಜುರಾಸಿಕ್ ಪಾರ್ಕ್' ಕಂಪ್ಯೂಟರ್ ಚಮತ್ಕಾರ ಅಂತ ಹೆಸರಾಯಿತು. ಆದರೆ ಅದರಲ್ಲಿ ಡೈನೊಸಾರ್ ಕಾಣುವ ಸುಮಾರು 15 ನಿಮಿಷದಲ್ಲಿ ಹೆಚ್ಚಿನ ಪಾಲು ಸ್ಟಾನ್ ವಿನ್‌ಸ್ಟನ್ ತಂಡದವರು ಕೈಯಿಂದ ಮಾಡಿದ ಪ್ರಾಣಿಗಳದ್ದು. ಮಳೆಯ ದೃಶ್ಯದಲ್ಲಿ ಆ ದೊಡ್ಡ ಪ್ರಾಣಿಯ ರಬ್ಬರು ಚರ್ಮ ನೀರು ಕುಡಿದು ಭಾರವಾಗಿ, ಗಡಗಡ ನಡುಗತೊಡಗಿತಂತೆ. ಕೆಲಸಗಾರರು ಬಟ್ಟೆ ಹಿಡಿದು ಒರೆಸಿ ಒಣಗಿಸಿದರಂತೆ. ಕಂಪ್ಯೂಟರು ಬರಲಿ, ಯಾರು ಬೇಡ ಅಂದರು? ನನ್ನ ಪ್ರೆಸ್ಸಿಗೂ ಬಂದಿದೆ. ಟ್ರೆಡಲ್ ಹೋಯಿತು, ಆಫ್‌ಸೆಟ್ ಬಂತು, ಫ್ಲೆಕ್ಸ್ ಬಂತು. ಅಕ್ಷರ ಜೋಡಿಸುವ ಕಣ್ಣು ಮಾತ್ರ ಮನುಷ್ಯನದೇ ಬೇಕು.

"ಬಾಡಿಗೆ ಕೊಟ್ಟಿದ್ದೇವಲ್ಲ, ಹೆಸರೇಕೆ?" ಅನ್ನುತ್ತಾರೆ ನಾಟಕ ಆಡಿಸುವವರು. ಹಾರ್ಮೋನಿಯಂ ಮೇಷ್ಟ್ರಿಗೂ ದುಡ್ಡು ಕೊಡುತ್ತೀರಿ, ಅವರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸುತ್ತೀರಿ. ದುಡ್ಡು ಹೊಟ್ಟೆಯದು, ಹೆಸರು ಮಾನದ್ದು. ಒಂದರ ಬದಲು ಇನ್ನೊಂದನ್ನು ಕಿತ್ತುಕೊಳ್ಳುವ ಹಾಗಿಲ್ಲ.

ಆಗಬೇಕಾದದ್ದು ಇಷ್ಟು. ಒಂದು, ಸರ್ಕಾರದ ಧನಸಹಾಯ ಪಡೆಯುವ ಪ್ರತಿಯೊಂದು ನಾಟಕ, ಪ್ರತಿಯೊಂದು ಚಿತ್ರ ವೇಷಭೂಷಣದವರ, ಪ್ರಸಾಧನದವರ, ಸೋಗು ಕಟ್ಟಿದವರ ಹೆಸರನ್ನು ಕನ್ನಡದಲ್ಲಿ ಅಚ್ಚು ಹಾಕಿಸಲೇಬೇಕು. ಎರಡು, ಮಾಸಾಶನಕ್ಕೆ ಕಾಗದದ ದಾಖಲೆ ಇಲ್ಲದವರಿಗೆ ಅವರ ಜೊತೆ ದುಡಿದ ಕಲಾವಿದರ ಸಾಕ್ಷಿಯನ್ನು ಒಪ್ಪಬೇಕು. ಮೂರು, ಈ ವಿದ್ಯೆಯನ್ನು ಕನ್ನಡದಲ್ಲಿ ಕಲಿಸುವ ತರಗತಿ ಜಿಲ್ಲೆಗೊಂದಾದರೂ ಬರಬೇಕು. ಅಲ್ಲಿ ಈ ಮುದುಕರನ್ನೇ ಮೇಷ್ಟ್ರಾಗಿ ಕೂರಿಸಬೇಕು.

ಆ ದಿನ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ. ಅಟ್ಟದಿಂದ ಬರಿಗೈಯಲ್ಲಿ ಇಳಿದು ಬಂದೆ. ನಾಚಿಕೆಯಾಯಿತು. ನನ್ನ ಹತ್ತಿರ ಹಳೆಯ ಮೊಳೆ ಒಂದಷ್ಟು ಇನ್ನೂ ಇದೆ, ಹಳೆಯ ಕಾಗದವೂ ಇದೆ. "ಯಜಮಾನ್ರೇ, 1996ರ ತಾರೀಖಿಗೇ ಒಂದು ಅಚ್ಚು ಹಾಕಿಕೊಡಲಾ? ನಿಮ್ಮ ಹೆಸರು ಸೇರಿಸಿ" ಅಂದೆ. ಮುದುಕರು ನನ್ನ ಮುಖ ನೋಡಿದರು. "ಬೇಡ ಕಣಪ್ಪ. ಸುಳ್ಳು ಕಿರೀಟ ಮಾಡಿ ನಿಜದ ಅನ್ನ ತಿಂದಿದ್ದೀನಿ. ಈಗ ಸುಳ್ಳು ಕಾಗದ ಬೇಡ."

ನಾನು ನನ್ನ ಪ್ರೆಸ್ಸಿನ ಲೆಟರ್‌ಹೆಡ್ಡಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಇಂಥ ನಾಟಕಕ್ಕೆ ವೇಷಭೂಷಣ ಇವರದೇ, ಕರಪತ್ರದಿಂದ ಇವರ ಹೆಸರಿನ ಸಾಲು ಕಿತ್ತವನು ನಾನೇ ಅಂತ ಬರೆದು, ಸಹಿ ಮಾಡಿ, ಸೀಲು ಒತ್ತಿ ಕೊಟ್ಟೆ. ಆ ವರ್ಷ ಅವರ ಕಿರೀಟ ತೊಟ್ಟು ದುರ್ಯೋಧನನಾಗಿದ್ದವರೂ ಬಂದು ಸಹಿ ಹಾಕಿದರು. ಅರ್ಜಿ ಕಚೇರಿಯಲ್ಲಿದೆ. ಉತ್ತರ ಬಂದಿಲ್ಲ.

ಅವತ್ತಿನಿಂದ ನಮ್ಮ ಪ್ರೆಸ್ಸಿನ ಬಾಗಿಲಿಗೆ ಒಂದು ಬೋರ್ಡು ಹಾಕಿದ್ದೇನೆ. 'ವೇಷಭೂಷಣದವರ ಹೆಸರಿಲ್ಲದ ನಾಟಕದ ಕರಪತ್ರ ಇಲ್ಲಿ ಅಚ್ಚಾಗುವುದಿಲ್ಲ. ಆ ಒಂದು ಸಾಲಿಗೆ ಚಾರ್ಜಿಲ್ಲ.' ಇಬ್ಬರು ಗಿರಾಕಿಗಳು ಬೈದು ಹೋದರು. ಹನ್ನೊಂದು ಜನ ಹೆಸರು ಬರೆದುಕೊಟ್ಟರು. ನಾಡಿನ ಪ್ರೆಸ್ಸಿನ ಗೆಳೆಯರೇ, ನಿಮ್ಮ ಊರಿನಲ್ಲೂ ಒಬ್ಬ ಡ್ರೆಸ್ಸಿನವರು ಇದ್ದಾರೆ. ಅವರ ಹೆಸರೇನು ಅಂತ ಇವತ್ತೇ ಹೋಗಿ ಕೇಳಿ.